ಸೀರೀಸ್ ಕೆಪಾಸಿಟರ್ ಇರುವ ಲೈನಿಗೆ ರಿಲೇ ಸೆಟ್ಟಿಂಗ್ ಮಾಡುವ ಬಗೆ

400 ಕೆವಿಯ 300 ಕಿ.ಮೀ. ಲೈನೊಂದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಕಿ.ಮೀ.ಗೆ 0.32 ಓಂನಂತೆ ರಿಯಾಕ್ಟೆನ್ಸ್ (ಎಸಿ ಕರೆಂಟಿಗೆ ಲೈನ್ ಒಡ್ಡುವ ಇಂಡಕ್ಟಿವ್ ತಡೆ) 96 ಓಂ. ನಮ್ಮ ತುದಿಯಲ್ಲಿ ಶೇ 40ರಷ್ಟು ಕಾಂಪೆನ್ಸೇಶನ್, ಅಂದರೆ ಆ ತಡೆಯನ್ನು ಕಳೆಯಲು ಲೈನಿನಲ್ಲೇ ಸರಣಿಯಾಗಿ ಸೇರಿಸಿದ 38.4 ಓಂ ಕೆಪಾಸಿಟರ್. ಉಳಿಯುವುದು 57.6 ಓಂ. ಮಾಮೂಲಿನಂತೆ ಡಿಸ್ಟೆನ್ಸ್ ರಿಲೇಯ (ಇಂಪೀಡೆನ್ಸ್ ಅಳೆದು ಫಾಲ್ಟ್ ಎಷ್ಟು ದೂರವೆಂದು ತಿಳಿಯುವ ರಿಲೇ) ಝೋನ್ 1, ಅಂದರೆ ತಡವಿಲ್ಲದೆ ಟ್ರಿಪ್ ಕೊಡುವ ವ್ಯಾಪ್ತಿಯನ್ನು 96ರ ಶೇ 80ಕ್ಕೆ, ಅಂದರೆ 76.8 ಓಂಗೆ ಇಟ್ಟರೆ ರಿಲೇ ಆಚೆ ತುದಿಯ ಬಸ್ (ಲೈನುಗಳು ಸೇರುವ ಬಾರ್) ದಾಟಿ ಪಕ್ಕದ ಲೈನಿನ ಫಾಲ್ಟಿಗೂ ತಕ್ಷಣ ಟ್ರಿಪ್ ಕೊಡುತ್ತದೆ.

ಹಾಗಾಗಿ 57.6ರ ಶೇ 80, ಸುಮಾರು 46 ಓಂನಿಂದ ಶುರು ಮಾಡಿ. ಅಷ್ಟಕ್ಕೇ ನಿಲ್ಲುವಂತಿಲ್ಲ. ರಿಲೇಯ ಹಿಂದಿನ ಸೋರ್ಸ್ (ಕರೆಂಟ್ ಒದಗಿಸುವ ಜಾಲ) 20 ಓಂ ಇದ್ದರೆ ಕೆಪಾಸಿಟರ್ ಮತ್ತು ಲೈನ್ ಸೇರಿ ಸುಮಾರು 29 ಹರ್ಟ್ಸ್‌ನಲ್ಲಿ ತೂಗಾಡುತ್ತವೆ. ರಿಲೇಗೆ ಕಾಣುವ ಇಂಪೀಡೆನ್ಸ್ ಸುರುಳಿ ಸುತ್ತುತ್ತಾ ಕೆಲಕ್ಷಣ 46ರ ಒಳಗೂ ಬರಬಹುದು. ಸಿಮ್ಯುಲೇಶನ್‌ನಲ್ಲಿ ಆಚೆ ಬಸ್ಸಿನ ಫಾಲ್ಟ್ ಹಾಕಿ ನೋಡಿ, ಇನ್ನೂ ತಗ್ಗಿಸಿ. ಭರವಸೆ ಬರದಿದ್ದರೆ ಝೋನ್ 1 ಅನ್ನು ಬ್ಲಾಕ್ ಮಾಡುವುದೇ ಸರಿ. ಕೆಪಾಸಿಟರ್ ಬೈಪಾಸ್ ಆದಾಗ (ಕರೆಂಟ್ ಅದನ್ನು ಬಿಟ್ಟು ಪಕ್ಕದ ಹಾದಿ ಹಿಡಿದಾಗ) 46 ಓಂ ಲೈನಿನ ಅರ್ಧಕ್ಕೂ ಮುಟ್ಟುವುದಿಲ್ಲ, ಆದ್ದರಿಂದ ಅದನ್ನೇ ನೆಚ್ಚಿಕೊಳ್ಳಬೇಡಿ.

ಇಡೀ ಲೈನನ್ನು ಆವರಿಸಿ, ಸಾಮಾನ್ಯವಾಗಿ ಸ್ವಲ್ಪ ತಡವಾಗಿ ಟ್ರಿಪ್ ಕೊಡುವ ಝೋನ್ 2ಕ್ಕೆ ಲೆಕ್ಕ ತಿರುಗಮುರುಗ. ಕೆಪಾಸಿಟರ್ ಇಲ್ಲವೆಂದೇ ಎಣಿಸಿ 96ರ ಶೇ 120, ಅಂದರೆ 115 ಓಂ ಇಡಿ. ಮುಖ್ಯ ಕೆಲಸವನ್ನು ಬೇರೆ ಬೇರೆ ಸಂಪರ್ಕ ಹಾದಿಗಳಿರುವ ಎರಡು ಲೈನ್ ಡಿಫರೆನ್ಷಿಯಲ್ ರಿಲೇಗಳಿಗೆ (ಲೈನಿನ ಎರಡೂ ತುದಿಯ ಕರೆಂಟ್ ಹೋಲಿಸುವವು) ಒಪ್ಪಿಸಿ. ಝೋನ್ 2 ಪರ್ಮಿಸಿವ್ ಸ್ಕೀಮ್ (ಆಚೆ ತುದಿಯ ರಿಲೇಯ ಒಪ್ಪಿಗೆ ಸಿಗ್ನಲ್ ಬಂದರೆ ಬೇಗ ಟ್ರಿಪ್ ಕೊಡುವ ಏರ್ಪಾಡು) ಬೆನ್ನಿಗಿರಲಿ.

ದಿಕ್ಕಿನ ವಿಷಯದಲ್ಲೇ ಹೆಚ್ಚು ಜನ ಎಡವುತ್ತಾರೆ. ಕೆಪಾಸಿಟರ್ ದಾಟಿದ ಕೂಡಲೇ ಫಾಲ್ಟ್ ಆದರೆ, ಬಸ್ ಕಡೆಯ ಸಿವಿಟಿಯಿಂದ (ವೋಲ್ಟೇಜ್ ಅಳೆದು ರಿಲೇಗೆ ಕೊಡುವ ಟ್ರಾನ್ಸ್‌ಫಾರ್ಮರ್) ಓದುವ ರಿಲೇಗೆ ವೋಲ್ಟೇಜ್ ತಿರುಗಿ ಕಾಣುತ್ತದೆ, ಮುಂದಿನ ಫಾಲ್ಟ್ ಹಿಂದಿನದೆನಿಸುತ್ತದೆ. ಮೂರು ಫೇಸ್ ಫಾಲ್ಟಿಗೆ ಮೆಮೊರಿ ಪೋಲರೈಸೇಶನ್ (ಫಾಲ್ಟಿಗೆ ಮುಂಚಿನ ವೋಲ್ಟೇಜ್ ನೆನಪಿಟ್ಟು ದಿಕ್ಕು ತಿಳಿಯುವುದು) ಬೇಕೇ ಬೇಕು. ಮೆಮೊರಿ ಮುಗಿಯುವ ಮುನ್ನ ಟ್ರಿಪ್ ಆಗಬೇಕು. ಉಳಿದ ಫಾಲ್ಟ್‌ಗಳಿಗೆ ನೆಗೆಟಿವ್ ಸೀಕ್ವೆನ್ಸ್ (ಮೂರು ಫೇಸ್ ಅಸಮವಾದಾಗ ಕಾಣುವ ಭಾಗ) ನೋಡಿ ಹೇಳುವ ದಿಕ್ಕು ನಂಬಿಕಸ್ಥ. ಸಿವಿಟಿ ಲೈನ್ ಕಡೆ ಇದ್ದರೆ ಕೆಪಾಸಿಟರ್ ರಿಲೇಯ ಬೆನ್ನಿಗೆ ಬರುತ್ತದೆ. ಸೋರ್ಸ್ 20 ಓಂ, ಕೆಪಾಸಿಟರ್ 38.4 ಓಂ ಎಂದಾಗ ಹಿಂಬದಿ ಕೆಪಾಸಿಟಿವ್ ಆಗಿ ಆ ನೆಗೆಟಿವ್ ಸೀಕ್ವೆನ್ಸ್ ಎಲಿಮೆಂಟೂ ದಿಕ್ಕು ತಪ್ಪುತ್ತದೆ. ಸೆಟ್ಟಿಂಗ್‌ಗೆ ಮುನ್ನ ಸಿವಿಟಿ ಎಲ್ಲಿದೆಯೆಂದು ಡ್ರಾಯಿಂಗ್ ತೆಗೆದು ನೋಡಿ.

ಫಾಲ್ಟ್ ಕರೆಂಟ್ ದೊಡ್ಡದಾದರೆ ಎಂಒವಿ (ಕೆಪಾಸಿಟರಿನ ಮೇಲೆ ವೋಲ್ಟೇಜ್ ಮಿತಿ ಮೀರದಂತೆ ಕಾಯುವ ಸಾಧನ) ಕರೆಂಟ್ ಹರಿಸತೊಡಗಿ ಕೆಪಾಸಿಟರಿನ ಪ್ರಭಾವ ಕುಗ್ಗುತ್ತದೆ. ಹೆಚ್ಚು ರೆಸಿಸ್ಟೆನ್ಸಿನ ಸಣ್ಣ ಕರೆಂಟಿನ ಫಾಲ್ಟ್‌ನಲ್ಲಿ ಎಂಒವಿ ಸುಮ್ಮನಿರುತ್ತದೆ, ಕೆಪಾಸಿಟರ್ ಪೂರ್ತಿ ಉಳಿಯುತ್ತದೆ. ಪರೀಕ್ಷೆಗೆ ಎರಡೂ ಬಗೆ ಹಾಕಿ.

ಲೈನ್ ಟ್ರಿಪ್ ಆದೇಶದ ಜೊತೆಗೇ ಬೈಪಾಸ್ ಬ್ರೇಕರ್‌ಗೂ ಕ್ಲೋಸ್ ಆದೇಶ ಹೋಗುವಂತೆ ವೈರಿಂಗ್ ಮಾಡಿ. ಇಲ್ಲವಾದರೆ ಕೆಪಾಸಿಟರಿನಲ್ಲಿ ಉಳಿದ ವೋಲ್ಟೇಜ್ ಸೇರಿ, ತೆರೆಯುತ್ತಿರುವ ಲೈನ್ ಬ್ರೇಕರಿನ ಮೇಲೆ ತಾಳಲಾರದ ವೋಲ್ಟೇಜ್ ಬೀಳಬಹುದು. ಆಟೋ ರಿಕ್ಲೋಸ್ ಆಗುವಾಗಲೂ ಬೈಪಾಸ್ ಮುಚ್ಚಿಯೇ ಇರಲಿ. ಲೈನ್ ಮತ್ತೆ ಟ್ರಿಪ್ ಆಗದೆ ಉಳಿಯಿತೆಂದು ಖಚಿತವಾದ ಮೇಲಷ್ಟೇ ಕೆಪಾಸಿಟರನ್ನು ಮತ್ತೆ ಸೇರಿಸಿ.