ಫೈರ್‌ಫಾಕ್ಸ್‌ನ ಹೊಸ ಆವೃತ್ತಿಯನ್ನು ಮೊದಲೇ ಪರೀಕ್ಷಿಸುವುದು ಹೇಗೆ?

ಫೈರ್‌ಫಾಕ್ಸ್ ಬ್ರೌಸರಿನ ಮುಂಬರುವ ಆವೃತ್ತಿಯನ್ನು ನೋಡಬಯಸುವವರಿಗೆ ಬೀಟಾ ಮತ್ತು ನೈಟ್ಲಿ ಎಂಬ ಎರಡು ದಾರಿಗಳಿವೆ. ಬೀಟಾ ಬಹುಮಟ್ಟಿಗೆ ಸಿದ್ಧವಾದ ಆವೃತ್ತಿ. ನೈಟ್ಲಿಯಾದರೋ ಹೆಚ್ಚುಕಡಿಮೆ ದಿನವೂ ಬದಲಾಗುತ್ತದೆ. ಬ್ಯಾಂಕಿನ ಕೆಲಸವನ್ನೂ ಅದೇ ಕಂಪ್ಯೂಟರಿನಲ್ಲಿ ಮಾಡುವವರಿಗೆ ಬೀಟಾ ಸಾಕೆಂಬುದು ನನ್ನ ಅಭಿಪ್ರಾಯ.

ಫೈರ್‌ಫಾಕ್ಸ್ ತಯಾರಿಸುವ ಮೊಝಿಲ್ಲಾದ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. 2019ರಲ್ಲಿ ಬಂದ 67ನೇ ಆವೃತ್ತಿಯಿಂದೀಚೆಗೆ ಪ್ರತಿಯೊಂದು ಅನುಸ್ಥಾಪನೆಗೂ ಪ್ರತ್ಯೇಕ ಪ್ರೊಫೈಲ್ (ನಿಮ್ಮ ಮಾಹಿತಿಯನ್ನೆಲ್ಲ ಇಡುವ ಫೋಲ್ಡರ್) ಸಿಗುವುದರಿಂದ, ಹೊಸದನ್ನು ಹಳೆಯದರ ಮೇಲೆಯೇ ಹಾಕದೆ ಬೇರೆ ಜಾಗದಲ್ಲಿ ಅನುಸ್ಥಾಪಿಸಿದರೆ ನಿಮ್ಮ ಬುಕ್‌ಮಾರ್ಕ್, ಪಾಸ್‌ವರ್ಡ್‌ಗಳು ಹಳೆಯದರಲ್ಲಿಯೇ ಭದ್ರವಾಗಿ ಉಳಿಯುತ್ತವೆ. ಹೊಸ ಆವೃತ್ತಿ ಬಳಸಿದ ಪ್ರೊಫೈಲನ್ನು ಹಳೆಯ ಆವೃತ್ತಿಯಲ್ಲಿ ತೆರೆಯಹೊರಟರೆ ಎಚ್ಚರಿಕೆ ಬರುತ್ತದೆ. ಆಗ ಹಟ ಮಾಡಬೇಡಿ. ಹೇಗಿದ್ದರೂ ಪ್ರೊಫೈಲ್ ಫೋಲ್ಡರಿನ ಒಂದು ಪ್ರತಿಯನ್ನು ಬ್ರೌಸರ್ ಮುಚ್ಚಿದ ಮೇಲೆ ಬೇರೆಡೆ ತೆಗೆದಿಡುವುದು ಲೇಸು.

ಪರೀಕ್ಷೆಯನ್ನು ಕನ್ನಡದಿಂದಲೇ ಆರಂಭಿಸಿ. ‘ಸ್ತ್ರೀ’, ‘ರಾಷ್ಟ್ರ’ ಮೊದಲಾದ ಪದಗಳಿರುವ ಪುಟವೊಂದನ್ನು ತೆರೆದು, ಅಕ್ಷರವನ್ನು ಹಿಗ್ಗಿಸಿ, ಒತ್ತಕ್ಷರದ ಬುಡ ಕತ್ತರಿಸಿಹೋಗಿದೆಯೇ ಎಂದು ನೋಡಿ. ಬಳಿಕ ‘ರಾಜ್‌ಕುಮಾರ್’ ಎಂಬ ಪದವನ್ನು ಪುಟದೊಳಗೆ ಹುಡುಕಿ: ಅದರಲ್ಲಿ ‘ಜ್’ ಮತ್ತು ‘ಕು’ ಒತ್ತಕ್ಷರವಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆಯೊಂದಿದೆ. ಈ ಚಿಹ್ನೆಯಿಂದಾಗಿ ಹುಡುಕಾಟ ತಪ್ಪುತ್ತದೆಯೇ ಎಂಬುದನ್ನು ಇಂಗ್ಲಿಷ್ ಮಾತ್ರ ಬಳಸುವವರು ಗಮನಿಸುವುದೇ ಇಲ್ಲ.

ದೋಷ ಕಂಡರೆ, ಬ್ರೌಸರಿಗೆ ಸೇರಿಸಿಕೊಂಡ ವಿಸ್ತರಣೆಗಳನ್ನೆಲ್ಲ (ಎಕ್ಸ್‌ಟೆನ್ಶನ್) ನಿಷ್ಕ್ರಿಯಗೊಳಿಸುವ ಟ್ರಬಲ್‌ಶೂಟ್ ಮೋಡ್‌ನಲ್ಲಿ ಮತ್ತೊಮ್ಮೆ ಪ್ರಯತ್ನಿಸಿ. ಆಗಲೂ ದೋಷ ಉಳಿದರೆ ಆವೃತ್ತಿ ಸಂಖ್ಯೆ, ಮಾಡಿದ ಹಂತಗಳು ಹಾಗೂ ಪರದೆಯ ಚಿತ್ರದೊಂದಿಗೆ ಮೊಝಿಲ್ಲಾದ ದೋಷ ವರದಿ ತಾಣವಾದ ಬಗ್‌ಝಿಲ್ಲಾದಲ್ಲಿ ವರದಿ ಸಲ್ಲಿಸಿ.