ಓದಲು ಬಾರದ ಮನೆಗೂ ತರಗತಿಯ ಸುದ್ದಿ: ನನ್ನ ಅನುಭವ

ಸರ್ಕಾರಿ ಶಾಲೆಯಿಂದ ಮನೆಗೆ ಹೋಗುವ ಸುದ್ದಿ ಬಹುಮಟ್ಟಿಗೆ ಕಾಗದಪತ್ರದ ಸುದ್ದಿಯಾಗಿರುತ್ತದೆ. ಆಧಾರ್ ಕಾರ್ಡಿನಲ್ಲಿರುವ ಹೆಸರು ಶಾಲೆಯ ದಾಖಲೆಗೆ ಹೊಂದುತ್ತಿಲ್ಲ, ಜಾತಿ ಮತ್ತು ಆದಾಯ ಪ್ರಮಾಣಪತ್ರ ತನ್ನಿ, ವಿದ್ಯಾರ್ಥಿವೇತನಕ್ಕೆ ಬ್ಯಾಂಕ್ ಖಾತೆ ಜೋಡಣೆಯಾಗಿಲ್ಲ, ನಾಳೆ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಇದೆ. ಇವುಗಳ ಆಚೆಗೆ ಶಾಲೆಯಿಂದ ಕರೆ ಬಂದರೆ ಹುಡುಗ ಏನೋ ಕಿತಾಪತಿ ಮಾಡಿರಬೇಕು ಎಂದೇ ಮನೆಯವರು ತಿಳಿಯುತ್ತಾರೆ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗಳಿಗೆ ಪಾಠ ಮಾಡುವ ನಾನು, ಮಕ್ಕಳು ಆ ವಾರ ಏನು ಕಲಿತರು ಎಂಬುದನ್ನೂ ಅಷ್ಟೇ ನಿಯಮಿತವಾಗಿ ಮನೆಗೆ ಮುಟ್ಟಿಸಬೇಕೆಂದು ಹೊರಟೆ. ಅದಕ್ಕಾಗಿ ಮಾಡಿಕೊಂಡ ಏರ್ಪಾಡನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಖರ್ಚಿನ ಬಾಬತ್ತು ಯಾವುದೂ ಇಲ್ಲ.

ಮೊದಲು ಯೋಚಿಸಬೇಕಾದದ್ದು ಸುದ್ದಿ ಕೇಳುವವರು ಯಾರು ಎಂಬುದನ್ನು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ 51.83ರಷ್ಟಿತ್ತು, ರಾಜ್ಯದ ಜಿಲ್ಲೆಗಳಲ್ಲೇ ಅದು ಎಲ್ಲಕ್ಕಿಂತ ಕಡಿಮೆ, ಹೆಣ್ಣುಮಕ್ಕಳ ಪ್ರಮಾಣ ಇನ್ನೂ ಕೆಳಗೆ. ಈಗಿನ ತಾಯಂದಿರಲ್ಲಿ ಹಲವರು ಆ ಎಣಿಕೆಯ ಹೊತ್ತಿಗೆ ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋಗುತ್ತಿದ್ದವರು. ಅದರ ಮೇಲೆ ದೀಪಾವಳಿ ಕಳೆಯುತ್ತಲೇ ಎಷ್ಟೋ ಮನೆಗಳ ತಂದೆತಾಯಿ ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದ್ ಕಡೆಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ, ಮಗು ಆಯಿ ಮತ್ತು ಮುತ್ಯಾನ, ಅಂದರೆ ಅಜ್ಜಿ ಮತ್ತು ಅಜ್ಜನ, ಹತ್ತಿರ ಉಳಿಯುತ್ತದೆ. ಹೀಗಿರುವಾಗ ಅಚ್ಚುಕಟ್ಟಾಗಿ ಟೈಪ್ ಮಾಡಿದ ಸೂಚನಾಪತ್ರವನ್ನು ಮಗುವಿನ ಚೀಲದಲ್ಲಿಟ್ಟು ಕಳಿಸಿದರೆ, ಶಾಲೆಯ ಕಡತದಲ್ಲಿ ಕೆಲಸ ಆಯಿತೆಂದು ಬರೆದುಕೊಳ್ಳಬಹುದೇ ಹೊರತು ಸುದ್ದಿ ಯಾರನ್ನೂ ತಲುಪಿರುವುದಿಲ್ಲ. ಆದ್ದರಿಂದ ನಾನು ಬರಹವನ್ನು ಬದಿಗಿಟ್ಟು ದನಿಯನ್ನು ಆರಿಸಿಕೊಂಡೆ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ, ಮಕ್ಕಳೆಲ್ಲ ಹೊರಟು ಅಂಗಳ ಸುಮ್ಮನಾದಾಗ, ವಾಟ್ಸ್‌ಆ್ಯಪ್‌ನಲ್ಲಿ ಎರಡು ನಿಮಿಷ ಮೀರದ ಒಂದು ಧ್ವನಿ ಸಂದೇಶ ಹೇಳಿ ಕಳಿಸುತ್ತೇನೆ. ಎರಡು ನಿಮಿಷ ದಾಟಿದರೆ ಕೂಲಿ ಮುಗಿಸಿ ಬಂದವರು ಅರ್ಧಕ್ಕೆ ನಿಲ್ಲಿಸುತ್ತಾರೆ. ಅದರಲ್ಲಿ ಒಂದೇ ಒಂದು ಪಾಠದ ಸುದ್ದಿ ಇರುತ್ತದೆ, ಕೊನೆಗೆ ಮನೆಯವರು ಮಗುವನ್ನು ಕೇಳಬಹುದಾದ ಅಥವಾ ಮಾಡಿಸಬಹುದಾದ ಒಂದು ಕೆಲಸ ಇರುತ್ತದೆ. ಪುಸ್ತಕದ ಕನ್ನಡವನ್ನು ಬಿಟ್ಟು ಊರಿನಲ್ಲಿ ಆಡುವ ಹಾಗೆಯೇ ಆಡುತ್ತೇನೆ. ಐದನೇ ತರಗತಿಯಲ್ಲಿ ಸುತ್ತಳತೆ ಮತ್ತು ವಿಸ್ತೀರ್ಣದ ಪಾಠ ನಡೆದ ವಾರ ಕಳಿಸಿದ ಸಂದೇಶ ಸುಮಾರಾಗಿ ಹೀಗಿತ್ತು:

"ನಮಸ್ಕಾರ್ರೀ. ಐದನೇ ಕ್ಲಾಸಿನ ಟೀಚರ್ ಮಾತಾಡ್ಲಾಕತ್ತೀನಿ. ಈ ವಾರ ನಿಮ್ಮ ಮಕ್ಕಳು ಹಗ್ಗ ಹಿಡದು ಶಾಲಿ ಅಂಗಳ ಅಳದಾರ. ಉದ್ದ ಎಷ್ಟು, ಅಗಲ ಎಷ್ಟು, ಸುತ್ತ ಎಷ್ಟು ಅಂತ ಲೆಕ್ಕ ಹಾಕ್ಯಾರ. ಇವತ್ತು ಮನಿಗಿ ಬಂದ ಮ್ಯಾಲ ನಮ್ಮ ಮನಿ ಕಟ್ಟಿ ಅಳದು ತೋರ್ಸು ಅಂತ ಕೇಳ್ರಿ. ಟೇಪ್ ಬ್ಯಾಡ, ಹಗ್ಗ ಸಾಕು. ಎಷ್ಟು ಬಂತು ಅಂತ ಸೋಮವಾರ ಬರಕೊಂಡು ಬರ್ಲಿ."

ಸೋಮವಾರ ಮಕ್ಕಳು ಕಟ್ಟೆಯ ಅಳತೆಯೊಂದಿಗೆ ಮನೆಯವರ ಟೀಕೆಗಳನ್ನೂ ಹೊತ್ತು ಬಂದರು. ಒಬ್ಬ ಹುಡುಗಿಯ ಮುತ್ಯಾ, "ಹಗ್ಗ ಸಡಲ ಬಿಟ್ರ ಲೆಕ್ಕ ತಪ್ತದ, ಬಿಗಿ ಹಿಡೀರಿ ಅಂತ ನಿಮ್ಮ ಟೀಚರಿಗಿ ಹೇಳು" ಎಂದು ಹೇಳಿ ಕಳಿಸಿದ್ದರು. ನಾನು ಅವರನ್ನೇ ಶಾಲೆಗೆ ಬರಹೇಳಿದೆ. ಅವರು ಬಂದು, ಅಂಗಳದಲ್ಲಿ 33 ಅಡಿ ಉದ್ದ, 33 ಅಡಿ ಅಗಲದ ಚೌಕವೊಂದನ್ನು ಬೂದಿಯಿಂದ ಗೆರೆ ಎಳೆದು ತೋರಿಸಿ, ಇದು ಒಂದು ಗುಂಟೆ, ಇಂಥವು 40 ಸೇರಿದರೆ ಒಂದು ಎಕರೆ ಎಂದರು. ಭೂಮಾಪನದವರ ಹಳೆಯ ಸರಪಳಿಯ ಉದ್ದವೂ ಅದೇ 33 ಅಡಿ ಎಂಬುದನ್ನು, ತಮ್ಮ ಹೊಲದ ಅಳತೆಗೆ ಬಂದವರ ಹಿಂದೆ ತಿರುಗಾಡಿದ ನೆನಪಿನಿಂದ ಅವರೇ ಹೇಳಿದರು. ಮಕ್ಕಳು 33ನ್ನು 33ರಿಂದ ಗುಣಿಸಿ 1089 ಚದರ ಅಡಿ ಎಂದು ಕಂಡುಕೊಂಡು, ಅದನ್ನು ಮತ್ತೆ 40ರಿಂದ ಗುಣಿಸಿ 43,560ಕ್ಕೆ ಮುಟ್ಟಿದರು. ಪಠ್ಯಪುಸ್ತಕ ಚದರ ಮೀಟರಿನಲ್ಲಿ ಮಾತಾಡುತ್ತದೆ, ಮನೆಗಳು ಗುಂಟೆಯಲ್ಲಿ ಮಾತಾಡುತ್ತವೆ. ಪರೀಕ್ಷೆಗೆ ಬರುವುದು ಮೊದಲನೆಯದು ಮಾತ್ರ ಎಂದು ಮಕ್ಕಳಿಗೆ ಹೇಳಲೇಬೇಕಾಯಿತು, ಆದರೆ ವಿಸ್ತೀರ್ಣ ಎಂದರೇನು ಎಂಬುದು ಹೆಚ್ಚಿನವರ ತಲೆಗೆ ಹತ್ತಿದ್ದು ಆ ಬೂದಿಯ ಗೆರೆಯೊಳಗೆ ನಿಂತಾಗಲೇ.

ಸಂದೇಶದ ಕೊನೆಯಲ್ಲಿ ಕೆಲಸವೊಂದು ಇರಲೇಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿಯೇ. ಬರೀ ಸುದ್ದಿ ಕೇಳಿದವರು "ಛಲೋ ಆತು" ಎಂದು ಸುಮ್ಮನಾಗುತ್ತಾರೆ. ಕೆಲಸ ಹೇಳಿದರೆ ಮಗು ಮನೆಯಲ್ಲಿ ಅದನ್ನು ಮಾಡಿ ತೋರಿಸುತ್ತದೆ, ಮನೆಯವರು ತಮಗೆ ತಿಳಿದದ್ದನ್ನು ಸೇರಿಸುತ್ತಾರೆ, ಅದು ತರಗತಿಗೆ ಮರಳುತ್ತದೆ. ಕಾಳಿಗೆ ಹುಳ ಬೀಳದಂತೆ ನಿಮ್ಮ ಮನೆಯಲ್ಲಿ ಏನು ಮಾಡುತ್ತೀರಿ ಎಂದು ಪರಿಸರ ಅಧ್ಯಯನದ ಪಾಠದೊಂದಿಗೆ ಕೇಳಿದಾಗ ಬಿಸಿಲಿಗೆ ಹರಡುವುದು, ಬೇವಿನ ಎಲೆ, ಬೂದಿ, ತೊಗರಿಗೆ ಕೆಮ್ಮಣ್ಣು ಹಚ್ಚುವುದು, ಹೀಗೆ ಒಂದೊಂದು ಮನೆಯದು ಒಂದೊಂದು ಉತ್ತರ ಬಂತು. ಅಂದಹಾಗೆ, ಮಾಡಿಸುವ ಕೆಲಸಕ್ಕೆ ಅಂಗಡಿಯಿಂದ ಏನನ್ನೂ ಕೊಳ್ಳುವಂತಿರಬಾರದು. ಚಾರ್ಟ್ ಪೇಪರ್ ತನ್ನಿ, ಥರ್ಮಾಕೋಲ್ ತನ್ನಿ ಎಂಬ ಬೇಡಿಕೆ ದಿನಗೂಲಿಯ ಮನೆಯಲ್ಲಿ ಮಗುವಿಗೆ ಬೈಗುಳ ತರುತ್ತದೆ.

ಕಳಿಸುವ ಬಗೆಯ ವಿಚಾರದಲ್ಲಿ ಗ್ರೂಪ್ ಮಾಡಬೇಕೇ ಬೇಡವೇ ಎಂಬುದು ಎಲ್ಲ ಶಿಕ್ಷಕರಿಗೂ ಎದುರಾಗುವ ಪ್ರಶ್ನೆ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಸಂದೇಶ ಕಳಿಸುವಂತೆ ಬಿಗಿ ಮಾಡಬಹುದು, ಆದರೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುವುದನ್ನು ತಡೆಯಲಾಗುವುದಿಲ್ಲ. ನಮ್ಮ ಊರಿನ ತಾಯಂದಿರು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಗ್ರೂಪಿಗೆ ಗಂಡನ ನಂಬರ್ ಕೊಟ್ಟು, ಆಮೇಲೆ ನನ್ನನ್ನು ಪ್ರತ್ಯೇಕವಾಗಿ ಕಂಡು ತಮ್ಮ ನಂಬರ್ ಕೊಟ್ಟರು. ಅದರಿಂದ ನಾನು ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿದೆ. ಅದರಲ್ಲಿ ಪ್ರತಿಯೊಬ್ಬರಿಗೂ ಸಂದೇಶ ತಮಗೊಬ್ಬರಿಗೇ ಬಂದಂತೆ ಬರುತ್ತದೆ, ಉತ್ತರವೂ ನನಗೊಬ್ಬಳಿಗೇ ತಲುಪುತ್ತದೆ, ಒಂದು ಪಟ್ಟಿಗೆ 256 ಜನರವರೆಗೆ ಸೇರಿಸಬಹುದು. ಒಂದು ತೊಡಕು ಏನೆಂದರೆ, ಪಡೆಯುವವರ ಫೋನಿನಲ್ಲಿ ನನ್ನ ನಂಬರ್ ಸೇವ್ ಆಗಿರದಿದ್ದರೆ ಸಂದೇಶ ಹೋಗುವುದಿಲ್ಲ. ಈ ಕೆಲಸವನ್ನು ಮಕ್ಕಳಿಗೇ ವಹಿಸಿದೆ. ನನ್ನ ನಂಬರ್ ಇರುವ ಚೀಟಿ ಒಯ್ದು, ಮನೆಯ ಫೋನಿನಲ್ಲಿ ಉಳಿಸಿ ಬಂದವರು ಹೇಳಬೇಕು. ಅಂಥ ವಿಷಯದಲ್ಲಿ ಅವರು ನಮಗಿಂತ ಚುರುಕು.

ಊರಿನ ಪಕ್ಕದ ತಾಂಡಾದಿಂದ ಬರುವ ಮಕ್ಕಳ ಮನೆಗಳಲ್ಲಿ ಲಂಬಾಣಿ ಮಾತಾಡುತ್ತಾರೆ. ಅಲ್ಲಿನ ಗಂಡಸರಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ, ಅಜ್ಜಿಯಂದಿರಿಗೆ ಅಷ್ಟಾಗಿ ಬರುವುದಿಲ್ಲ. ಏಳನೇ ತರಗತಿಯ ಹುಡುಗಿಯೊಬ್ಬಳು ನನ್ನ ಸಂದೇಶವನ್ನು ಕೇಳಿಸಿಕೊಂಡು, ತನ್ನ ಮಾತಿನಲ್ಲಿ ಹೇಳಿ ನನ್ನ ಫೋನಿನಲ್ಲೇ ದಾಖಲಿಸುತ್ತಾಳೆ. ಅದು ತಾಂಡಾದ ಮನೆಗಳಿಗೆ ಹೋಗುತ್ತದೆ. ಅವಳ ಸಂದೇಶ ನನ್ನದಕ್ಕಿಂತ ಉದ್ದವಾಗಿರುತ್ತದೆ ಮತ್ತು ನಡುನಡುವೆ ನಗುವೂ ಕೇಳಿಸುತ್ತದೆ, ಆದ್ದರಿಂದ ಅವಳು ಏನೇನು ಸೇರಿಸುತ್ತಾಳೆ ಎಂದು ತಾಂಡಾದ ಎಸ್‌ಡಿಎಂಸಿ ಸದಸ್ಯೆಯೊಬ್ಬರನ್ನು ಕೇಳಿ ತಿಳಿದುಕೊಂಡೆ. ಊಟದಲ್ಲಿ ಮೊಟ್ಟೆ ಕೊಟ್ಟ ದಿನಗಳನ್ನು, ಯಾರು ಎರಡನೇ ಸಲ ಸಾರು ಹಾಕಿಸಿಕೊಂಡರು ಎಂಬುದನ್ನೂ ಅವಳು ಬಿಡದೆ ವರದಿ ಮಾಡುತ್ತಿದ್ದಳು. ಹೆಸರು ಹೇಳಬೇಡ ಎಂದಷ್ಟೇ ತಿದ್ದಿದೆ.

ಸಾದಾ ಫೋನ್ ಇರುವವರಿಗೆ, ಫೋನೇ ಇಲ್ಲದವರಿಗೆ ಗೇಟಿನ ಪಕ್ಕದ ಕಪ್ಪು ಹಲಗೆ ಇದೆ. ಸೋಮವಾರ ಮಕ್ಕಳು ಸರದಿಯ ಮೇಲೆ ಅದೇ ಸುದ್ದಿಯನ್ನು ನಾಲ್ಕು ಸಾಲಿನಲ್ಲಿ ಬರೆಯುತ್ತಾರೆ. ಗಿರಣಿಗೆ ಹೋಗುವವರು ನಿಂತು ಮಕ್ಕಳಿಂದಲೇ ಅದನ್ನು ಓದಿಸಿ ಕೇಳುತ್ತಾರೆ. ತಿದ್ದಿದ ಅಕ್ಷರವಿರಲಿ, ಸೊಟ್ಟ ಸಾಲಿರಲಿ, ನಾನು ಅಳಿಸಿ ಬರೆಯಲು ಹೋಗುವುದಿಲ್ಲ. ಓದಲು ಬಾರದಷ್ಟು ತಪ್ಪಿದ್ದರೆ ಮಾತ್ರ ಬರೆದವರನ್ನೇ ಕರೆದು ತೋರಿಸುತ್ತೇನೆ.

ಫೋಟೋ ವಿಚಾರದಲ್ಲಿ ನಾನು ಬಿಗಿ. ಮಕ್ಕಳ ಮುಖ ಕಾಣುವ ಚಿತ್ರವನ್ನು ಪಟ್ಟಿಗೆ ಹಾಕುವುದಿಲ್ಲ, ನನ್ನ ಸ್ಟೇಟಸ್‌ಗಂತೂ ಇಲ್ಲವೇ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದ ಎಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ ಮತ್ತು ಅವರ ವಿವರ ಬಳಸಲು ಪಾಲಕರ ಒಪ್ಪಿಗೆಯನ್ನು ಕೇಳುತ್ತದೆ. ಕಾಯ್ದೆ ಬರದಿದ್ದರೂ ಇದು ಸರಿಯಾದ ನಡೆಯೇ ಎಂಬುದು ನನ್ನ ಅಭಿಪ್ರಾಯ. ಮಗುವಿನ ಹಸಿದ ಮುಖವನ್ನೋ ಹರಿದ ಅಂಗಿಯನ್ನೋ ತೋರಿಸಿ ಶಾಲೆ ಹೆಸರು ಗಳಿಸಬೇಕಾಗಿಲ್ಲ. ಮಕ್ಕಳ ಕೈ, ಅವರು ಬಿಡಿಸಿದ ನಕ್ಷೆ, ನೆಟ್ಟ ಸಸಿ, ಅಳೆದ ಅಂಗಳ, ಇಷ್ಟು ಚಿತ್ರ ಸಾಕು. ಬೆಂಗಳೂರಿನ ಕೆಲಸದ ಸ್ಥಳದಿಂದ ಒಬ್ಬ ತಂದೆ, "ಟೀಚರ್ರೀ, ಮಗನ ಮಾರಿ ನೋಡಿ ಭಾಳ ದಿನ ಆತ್ರೀ" ಎಂದು ಕೇಳಿದಾಗ, ಹುಡುಗ ಕಪ್ಪು ಹಲಗೆಯ ಮುಂದೆ ನಿಂತ ಫೋಟೋ ಅವರೊಬ್ಬರಿಗೇ ಹೋಯಿತು. ಹಾಗೆ ಕೇಳಿದವರಿಗೆ ಅವರವರ ಮಗುವಿನದು ಮಾತ್ರ.

ಅಂಕಗಳನ್ನು ದನಿಯಲ್ಲೂ ಹೇಳುವುದಿಲ್ಲ, ಹಲಗೆಯ ಮೇಲೂ ಬರೆಸುವುದಿಲ್ಲ. ಪ್ರಗತಿ ಪತ್ರವನ್ನು ಮನೆಯವರ ಕೈಗೇ ಕೊಡುತ್ತೇನೆ, ಮತ್ತು ಅದನ್ನು ಕೊಡುವಾಗ ಶ್ರೇಣಿಯಿಂದ ಮಾತು ತೆಗೆಯುವುದಿಲ್ಲ. ಓದುವುದರಲ್ಲಿ ಹಿಂದೆ ಬಿದ್ದ ಮಗುವಿನ ತಾಯಿಗೆ ಅವನ ನೋಟ್‌ಬುಕ್ಕಿನ ಎರಡು ಪುಟ ತೋರಿಸುತ್ತೇನೆ: ಜೂನ್‌ನಲ್ಲಿ ಬರೆದದ್ದು ಒಂದು, ಈಗ ಬರೆದದ್ದು ಇನ್ನೊಂದು. ಅಕ್ಷರ ಓದಲು ಬಾರದ ತಾಯಿಗೂ ಎರಡು ಪುಟಗಳ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಮುಂದೆ ಏನು ಕಲಿಯಬೇಕೆಂದು ಒಂದೇ ಮಾತು ಹೇಳುತ್ತೇನೆ, ಒತ್ತಕ್ಷರ ಇನ್ನೂ ತಪ್ಪುತ್ತಾನೆ, ದಿನಾ ಹತ್ತು ನಿಮಿಷ ದನಿ ತೆಗೆದು ಓದಿಸಿ ಕೇಳಿ ಎಂದು. ಓದು ಬಾರದವರೂ ಓದಿಸಿ ಕೇಳಬಹುದು. ಮಗು ತಡವರಿಸಿದರೆ ಕಿವಿಗೆ ಗೊತ್ತಾಗುತ್ತದೆ.

ಸಭೆಗಳ ಬಗ್ಗೆಯೂ ಒಂದು ಮಾತು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಆದರೆ ಮಧ್ಯಾಹ್ನ ಮೂರಕ್ಕೆ ಸಭೆ ಕರೆದರೆ ಹತ್ತಿ ಬಿಡಿಸುವ ದಿನಗಳಲ್ಲಿ ಯಾವ ತಾಯಿಯೂ ಅರ್ಧ ದಿನದ ಕೂಲಿ ಬಿಟ್ಟು ಬರಲಾರಳು. ಎತ್ತು ಹೂಡದ ಅಮಾವಾಸ್ಯೆಯ ದಿನ ಅಥವಾ ಹೊಲಕ್ಕೆ ಹೊರಡುವ ಮುಂಚಿನ ಬೆಳಗಿನ ಹೊತ್ತು ಇಟ್ಟರೆ ಬರುತ್ತಾರೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಎರಚಲು, ಹೊಲಕ್ಕೆ ಹೋಗುವವರು ನಮ್ಮನ್ನೂ ಕರೆಯುತ್ತಾರೆ. ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುತ್ತಾ ತೊಗರಿಯ ಬದುವಿನ ಮೇಲೆ ಕುಳಿತು ಮಕ್ಕಳ ವಿಷಯ ಆಡುವಷ್ಟು ಬಿಚ್ಚುಮನಸ್ಸಿನಿಂದ ಯಾವ ಸಭೆಯಲ್ಲೂ ಆಡಲು ಆಗಿಲ್ಲ. ಅಲ್ಲಿ ಹೊಳೆಯುವ ಸಂಗತಿಗಳು ಕೆಲವೊಮ್ಮೆ ಪಾಠಕ್ಕಿಂತ ಮುಖ್ಯವಾಗಿರುತ್ತವೆ: ಯಾವ ಮನೆಯವರು ಮುಂದಿನ ವಾರ ಗುಳೆ ಹೊರಟಿದ್ದಾರೆ, ಯಾವ ಮಗುವನ್ನು ಜೊತೆಗೆ ಒಯ್ಯಲಿದ್ದಾರೆ ಎಂಬುದು ಅಲ್ಲೇ ತಿಳಿಯುತ್ತದೆ.

ಸುದ್ದಿ ಕಳಿಸುವುದರಿಂದ ಗುಳೆ ನಿಲ್ಲುವುದಿಲ್ಲ. ಅದಕ್ಕೆ ಕೂಲಿ, ಸಾಲ, ಮಳೆ ಇವುಗಳ ಕಾರಣವಿದೆ. ಆದರೆ ವಾರವಾರದ ದನಿ ಹೋಗುತ್ತಿದ್ದರೆ, ಹೊರಡುವ ಮುಂಚೆ ಒಂದು ಫೋನ್ ಬರುತ್ತದೆ. ಆಗ ಮಗುವನ್ನು ಆಯಿಯ ಹತ್ತಿರ ಬಿಡಲು ಆಗುತ್ತದೆಯೇ, ತಾಲ್ಲೂಕಿನ ಹಾಸ್ಟೆಲಿನಲ್ಲಿ ಜಾಗ ಕೇಳೋಣವೇ, ಒಯ್ಯಲೇಬೇಕಾದರೆ ಅಲ್ಲಿ ಹತ್ತಿರದ ಸರ್ಕಾರಿ ಶಾಲೆ ಯಾವುದು ಎಂದು ಮಾತಾಡಲು ಸಮಯ ಸಿಗುತ್ತದೆ. ಜೊತೆಗೆ ಹೋದ ಮಕ್ಕಳ ಮನೆಯವರನ್ನೂ ಪಟ್ಟಿಯಲ್ಲಿ ಉಳಿಸಿಕೊಳ್ಳುತ್ತೇನೆ. ಯುಗಾದಿಗೆ ಊರಿಗೆ ಬಂದ ಮಗು, ತರಗತಿ ಯಾವ ಪಾಠದಲ್ಲಿದೆ ಎಂದು ಅರಿತೇ ಒಳಗೆ ಬರುತ್ತದೆ.

ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಆರಂಭವಾಗುವಾಗ ಆ ವರ್ಷದ ಪಟ್ಟಿಯನ್ನು ಅಳಿಸುತ್ತೇನೆ. ಆರನೇ ತರಗತಿಗೆ ಹೋದವರ ನಂಬರುಗಳನ್ನು, ಮನೆಯವರು ಒಪ್ಪಿದ್ದರೆ, ಅಲ್ಲಿನ ಶಿಕ್ಷಕರಿಗೆ ಕೊಡುತ್ತೇನೆ. ಜೂನ್‌ನಲ್ಲಿ ಹೊಸದಾಗಿ ಬಂದ ಮಕ್ಕಳ ಮನೆಗಳಲ್ಲಿ ಮತ್ತೆ ಮೊದಲಿಂದ ಕೇಳುತ್ತೇನೆ: ಯಾರ ಫೋನಿಗೆ ಕಳಿಸಲಿ, ಯಾವ ಮಾತಿನಲ್ಲಿ ಕಳಿಸಲಿ, ಸಂಜೆ ಎಷ್ಟು ಗಂಟೆಗೆ ಎಲ್ಲರೂ ಮನೆಯಲ್ಲಿರುತ್ತೀರಿ.