ಪ್ಲೇ ಥೆರಪಿಗೆ ಮಗುವನ್ನು ಕರೆತರುವ ಮುಂಚೆ

"ಆಟ ಮನೇಲೂ ಆಡ್ತಾನಲ್ಲ ಮೇಡಂ, ಅದಕ್ಯಾಕೆ ಫೀಸು?" ದಾವಣಗೆರೆಯಲ್ಲಿ ನಾನು ಮಕ್ಕಳಿಗೆ ಪ್ಲೇ ಥೆರಪಿ, ಅಂದರೆ ಆಟದ ಮೂಲಕ ಮನಸ್ಸಿನ ಚಿಕಿತ್ಸೆ, ಮಾಡುತ್ತೇನೆ. ನನ್ನ ಹತ್ತಿರ ಬರುವ ಅಪ್ಪಂದಿರು ಹೆಚ್ಚುಕಮ್ಮಿ ಎಲ್ಲರೂ ಇದನ್ನು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ದುಡ್ಡು ಕೊಡುವವರು ಅವರು, ಅಲ್ವಾ?

ಮನೆಯಲ್ಲಿ ಮಗು ಆಡುವಾಗ ನಾವು ನಡುವೆ ಬಾಯಿ ಹಾಕುತ್ತೇವೆ. "ಹಂಗಲ್ಲ, ಹಿಂಗೆ ಜೋಡಿಸು." "ಚೆಲ್ಲಬೇಡ." "ಇದ್ಯಾವ ಬಣ್ಣ ಹೇಳು?" ಪ್ಲೇ ಥೆರಪಿ ಕೋಣೆಯಲ್ಲಿ ಇದ್ಯಾವುದೂ ಇಲ್ಲ. ವಾರಕ್ಕೊಮ್ಮೆ, ಸುಮಾರು 45 ನಿಮಿಷ, ಮಗು ಏನಾಡಬೇಕು ಅಂತ ಮಗುವೇ ತೀರ್ಮಾನ ಮಾಡುತ್ತದೆ. ನಾನು ಜೊತೆಗಿರುತ್ತೇನೆ, ಗಮನಿಸುತ್ತೇನೆ, ಕಂಡದ್ದನ್ನು ಮಾತಲ್ಲಿ ಹೇಳುತ್ತೇನೆ. ತನಗೂ ಬೇರೆಯವರಿಗೂ ಏಟಾಗಬಾರದು, ಸಾಮಾನು ಬೇಕಂತಲೇ ಮುರಿಯಬಾರದು. ಕಟ್ಟುಪಾಡು ಅಂದರೆ ಇಷ್ಟೇ. ಅಮೆರಿಕದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಆ್ಯಕ್ಸ್‌ಲೈನ್ 1947ರಲ್ಲಿ ಈ ಪದ್ಧತಿಯ ಬಗ್ಗೆ ಬರೆದಾಗ ಹೇಳಿದ ಒಂದು ಮಾತು ನನಗೆ ದಿನಾ ಬೇಕಾಗುತ್ತದೆ: ಅವಸರ ಮಾಡಬೇಡಿ.

ಒಂದು ಉದಾಹರಣೆ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮನೆಯಲ್ಲಿ ಸಾವಾದ ಮೇಲೆ ಮಾತು ಕಡಿಮೆ ಮಾಡಿದ ಹುಡುಗ. ಮರಳಿನ ಟ್ರೇ ಹತ್ತಿರ ಕೂತು ಪುಟ್ಟ ಆಟೋ ಒಂದನ್ನು ಹೂಳುತ್ತಿದ್ದ, ತೆಗೆಯುತ್ತಿದ್ದ, ಮತ್ತೆ ಹೂಳುತ್ತಿದ್ದ. "ಮುಚ್ಚಿಹೋಯ್ತು" ಅನ್ನುತ್ತಿದ್ದೆ. "ಮತ್ತೆ ಸಿಕ್ತು" ಅನ್ನುತ್ತಿದ್ದೆ. ಹಲವು ವಾರ ಇದೇ ಆಟ. ಹೊರಗೆ ಬಂದ ಕೂಡಲೇ ಅಮ್ಮ "ಏನಾಡಿದೆ?" ಅಂದರೆ ಅವನದು ಒಂದೇ ಉತ್ತರ: "ಮಣ್ಣು." ಒಂದು ದಿನ ಆಟೋ ಹೂಳಿ, ಮೇಲೊಂದು ಕಡ್ಡಿ ನೆಟ್ಟು, "ತಾತ ಇಲ್ಲಿದಾರೆ" ಅಂದ. ನಾನು ಮೊದಲ ವಾರವೇ "ತಾತ ನೆನಪಾಗ್ತಾರಾ?" ಅಂತ ಕೇಳಿದ್ದರೆ "ಇಲ್ಲ" ಅಂದು ಎದ್ದು ಹೋಗುತ್ತಿದ್ದ ಅನ್ನೋದು ನನ್ನ ಅಂದಾಜು.

ಅದಕ್ಕೇ ಮೊದಲ ದಿನವೇ ಅಪ್ಪ ಅಮ್ಮಂದಿರ ಹತ್ತಿರ ಒಂದು ಮಾತು ತೆಗೆದುಕೊಳ್ಳುತ್ತೇನೆ. ಹೊರಗೆ ಬಂದ ಮಗುವಿಗೆ "ಒಳಗೆ ಏನಾಯ್ತು, ಆಂಟಿ ಏನ್ ಕೇಳಿದ್ರು, ನೀನೇನ್ ಹೇಳ್ದೆ" ಅಂತ ವಿಚಾರಣೆ ಬೇಡ. ಅದಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ. "ಇವತ್ತಾದ್ರೂ ಚೆನ್ನಾಗಿ ಮಾತಾಡಿದ್ಯಾ?" ಅನ್ನೋದಂತೂ ಬೇಡವೇ ಬೇಡ. ನಿಮಗಿದು ಕಷ್ಟ ಅಂತ ಗೊತ್ತು. ನಿಮ್ಮ ಪ್ರಶ್ನೆ ನನ್ನನ್ನು ಕೇಳಿ. ಕೆಲವು ವಾರಕ್ಕೊಮ್ಮೆ ಮಗುವಿಲ್ಲದೆ ನಿಮ್ಮ ಜೊತೆ ಕೂರುತ್ತೇನೆ. ಆಟದ ಒಂದೊಂದು ವಿವರ ಹೇಳುವುದಿಲ್ಲ. ಮಗು ಯಾವುದರಲ್ಲಿ ಒದ್ದಾಡುತ್ತಿದೆ, ಮನೆಯಲ್ಲಿ ಏನು ಬದಲಾಗಬೇಕು ಅನ್ನೋದನ್ನು ಹೇಳುತ್ತೇನೆ. ಮಗುವಿನ ಜೀವಕ್ಕೆ ಅಪಾಯ ಕಂಡರೆ ಮಾತ್ರ ಗುಟ್ಟು ಇಲ್ಲ. ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಶುರುವಿನಲ್ಲೇ ಹೇಳದ ಥೆರಪಿಸ್ಟ್ ಆದರೆ ನೀವೇ ಕೇಳಿ.

ಇನ್ನು, ಎಲ್ಲ ತೊಂದರೆಗೂ ಇದು ಮದ್ದಲ್ಲ. ಮಾತು ತಡವಾಗಿದ್ದರೆ ಮೊದಲು ಕಿವಿ ಪರೀಕ್ಷೆ, ಆಮೇಲೆ ಸ್ಪೀಚ್ ಥೆರಪಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇರೋದೇ ಅದಕ್ಕೆ. ಹಾಸಿಗೆ ಒದ್ದೆ ಮಾಡೋದು ನಿಂತಿದ್ದು ಮತ್ತೆ ಶುರುವಾದರೆ, ಪದೇ ಪದೇ ಹೊಟ್ಟೆನೋವು ಅಂದರೆ, ಚಿಗಟೇರಿ ಆಸ್ಪತ್ರೆಯಲ್ಲೋ ನಿಮ್ಮ ಮಾಮೂಲಿ ಮಕ್ಕಳ ಡಾಕ್ಟರ್ ಹತ್ತಿರವೋ ತೋರಿಸಿಕೊಂಡು ಬನ್ನಿ. ಆಟಿಸಂ ಅನುಮಾನ ಇದ್ದರೆ ಮೊದಲು ಬೆಳವಣಿಗೆಯ ತಪಾಸಣೆ ಆಗಲಿ. ಭಯ, ಸಿಟ್ಟು, ಮನೆಯ ಜಗಳ, ಅಗಲಿಕೆ, ಸಾವು, ಅಪಘಾತ, ಶಾಲೆಯಲ್ಲಿ ಮುದುಡಿಕೊಳ್ಳೋದು, ಇಂಥದ್ದಕ್ಕೆ ಪ್ಲೇ ಥೆರಪಿ ಹೊಂದುತ್ತದೆ. ಸಾಮಾನ್ಯವಾಗಿ 3ರಿಂದ 12 ವರ್ಷದ ಮಕ್ಕಳಿಗೆ.

ಬೋರ್ಡ್ ನೋಡಿ ನಂಬಬೇಡಿ. ಏನು ಓದಿದ್ದೀರಿ, ಪ್ಲೇ ಥೆರಪಿ ಎಲ್ಲಿ ಕಲಿತಿರಿ, ಕಷ್ಟದ ಕೇಸ್ ಬಂದರೆ ಯಾವ ಹಿರಿಯರನ್ನು ಕೇಳ್ತೀರಿ ಅಂತ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹಾಕಿಕೊಂಡಿದ್ದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಕೇಳಿ. ಬೇಜಾರು ಮಾಡಿಕೊಂಡರೆ ಎದ್ದು ಬನ್ನಿ. "ಹತ್ತೇ ಸಿಟ್ಟಿಂಗ್, ಗ್ಯಾರಂಟಿ" ಅನ್ನುವವರು, ಮಕ್ಕಳ ಫೋಟೋ ಸ್ಟೇಟಸ್‌ಗೆ ಹಾಕುವವರು ಬೇಡ.

ಮಗುವಿಗೆ ಸುಳ್ಳು ಹೇಳಿ ಕರೆತರಬೇಡಿ. ಬೆಣ್ಣೆ ದೋಸೆ ತಿನ್ನೋಣ ಬಾ ಅಂತ ಹೊರಡಿಸಿ ನನ್ನ ಬಾಗಿಲಿಗೆ ತಂದು ನಿಲ್ಲಿಸಿದರೆ ಆ ಮಗು ನನ್ನನ್ನು ಯಾಕೆ ನಂಬಬೇಕು? ಹಿಂದಿನ ದಿನ ಹೀಗೆ ಹೇಳಿದರೆ ಸಾಕು: "ನಾಳೆ ಒಬ್ಬ ಆಂಟಿ ಹತ್ರ ಹೋಗ್ತೀವಿ. ಅಲ್ಲಿ ಆಟದ ರೂಮಿದೆ. ಇಂಜೆಕ್ಷನ್ ಇಲ್ಲ. ನಿಂಗೆ ರಾತ್ರಿ ಭಯ ಆಗುತ್ತಲ್ವಾ, ಅದಕ್ಕೆ ಸಹಾಯ ಮಾಡ್ತಾರೆ. ನೀನೇನೂ ತಪ್ಪು ಮಾಡಿಲ್ಲ." ಮನೆಯಲ್ಲಿ ಅಜ್ಜಿ ಇದ್ದರೆ ಅವರಿಗೂ ವಿಷಯ ತಿಳಿಸಿ. "ಹುಚ್ಚರ ಡಾಕ್ಟರ್ ಹತ್ರ ಕರ್ಕೊಂಡ್ ಹೋಗ್ತಾರೆ ನೋಡು" ಅನ್ನೋ ಒಂದು ಮಾತು ಸಾಕು, ಎಲ್ಲ ಹಾಳು. ದೃಷ್ಟಿ ತೆಗೆಯುತ್ತೀನಿ ಅಂದರೆ ತೆಗೆಯಲಿ ಬಿಡಿ, ನನ್ನದೇನೂ ಅಭ್ಯಂತರ ಇಲ್ಲ.

ಹಳೇ ಬಟ್ಟೆ ಹಾಕಿಸಿ, ಹೊಟ್ಟೆ ತುಂಬಿರಲಿ, ಒಳಗೆ ಬರುವ ಮುಂಚೆ ಟಾಯ್ಲೆಟ್‌ಗೆ ಹೋಗಿ ಬರಲಿ.

ಶುರುವಿನ ಕೆಲವು ವಾರ ಮನೆಯಲ್ಲಿ ಹಟ ಜಾಸ್ತಿ ಆಗಬಹುದು. ಅದುಮಿಟ್ಟದ್ದು ಹೊರಗೆ ಬರುವಾಗ ಹೀಗಾಗೋದುಂಟು. ನನಗೆ ಫೋನ್ ಮಾಡಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ.

ಮನೆಯಲ್ಲಿ ನೀವೂ ಒಂದು ಕೆಲಸ ಮಾಡಬಹುದು. 1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗರ್ನಿ ದಂಪತಿ ಅಪ್ಪ ಅಮ್ಮಂದಿರಿಗೇ ಹೀಗೆ ಆಡೋದನ್ನು ಕಲಿಸಲು ಶುರು ಮಾಡಿದರು. ವಾರಕ್ಕೆ ಅರ್ಧ ಗಂಟೆ, ಅದಕ್ಕೇ ಅಂತ ಒಂದು ಡಬ್ಬಿ ಆಟದ ಸಾಮಾನು, ಮೊಬೈಲ್ ಬೇರೆ ಕೋಣೆಯಲ್ಲಿ. ಮಗು ಹೇಳಿದ ಹಾಗೆ ಆಡಿ. ಪ್ರಶ್ನೆ ಬೇಡ, ಪಾಠ ಬೇಡ. ಮಂಡಕ್ಕಿ ಅಂಗಡಿ ಇಟ್ಟು "ಮಿರ್ಚಿ ಖಾಲಿ, ನಿಂಗಿಲ್ಲ" ಅಂತ ಮಗಳು ಅಂದರೆ "ಅಯ್ಯೋ, ನಂಗೆ ಸಿಗಲೇ ಇಲ್ಲ" ಅಂತ ಸುಮ್ನೆ ಕೂರಿ. ದಿನವಿಡೀ ಇಲ್ಲ ಇಲ್ಲ ಅಂತ ಕೇಳಿಸಿಕೊಳ್ಳುವವಳಿಗೆ ತಾನೂ ಒಮ್ಮೆ "ಇಲ್ಲ" ಅನ್ನಬೇಕು ಅನಿಸುತ್ತದೆ. "ಹಂಚಿ ತಿನ್ನಬೇಕಮ್ಮ" ಅನ್ನೋ ಬುದ್ಧಿಮಾತು ಆ ಅರ್ಧ ಗಂಟೆಗೆ ಬೇಡ.

ನಿಲ್ಲಿಸುವಾಗ ಮೊದಲೇ ಹೇಳಿ. ಪರೀಕ್ಷೆ ಬಂತು, ಮದುವೆ ಬಂತು ಅಂತ ಫೋನಲ್ಲೇ ಮುಗಿಸಿದರೆ, ಆಂಟಿಯೂ ಬಿಟ್ಟು ಹೋದರು ಅಂತಲೇ ಮಗು ಅಂದುಕೊಳ್ಳುತ್ತದೆ. ಇನ್ನೆಷ್ಟು ಸಲ ಉಳಿದಿದೆ ಅಂತ ಅದಕ್ಕೆ ಗೊತ್ತಿರಬೇಕು, ಟಾಟಾ ಹೇಳಿ ಹೋಗಬೇಕು. ದುಡ್ಡಿನ ತೊಂದರೆಯಾದರೆ ಅದನ್ನೂ ಬಾಯಿಬಿಟ್ಟು ಹೇಳಿ. ಎರಡು ವಾರಕ್ಕೊಮ್ಮೆ ಮಾಡಿದರೆ ನಡೆಯುತ್ತಾ ಅಂತ ಕೂತು ನೋಡೋಣ.